ಪರದೆಯ ಮೇಲೆ ಎಂಟು ಸಾಲು, ಕಾಗದದ ಮೇಲೆ ಆರು

ನನ್ನ ಗಂಡ ಬರೆದ ಪ್ರೋಗ್ರಾಂ ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಇದನ್ನು ನಾನು ಹೇಳುತ್ತಿಲ್ಲ, ಅವನೇ ಹೇಳುತ್ತಾನೆ. ಊಟಕ್ಕೆ ಕೂತಾಗ, ನೆಂಟರು ಬಂದಾಗ, ಕೊನೆಗೆ ನಲ್ಲಿ ರಿಪೇರಿಯವನು ಬಂದಾಗಲೂ ಹೇಳುತ್ತಾನೆ. "ಬರೆಯೋದು ಒಂದೇ ಸಲ, ಓಡೋದು ಎಲ್ಲ ಕಡೆ." ಓಡುವುದೇನೋ ನಿಜ. ಪ್ರಿಂಟ್ ಕೊಡು ಅಂದಾಗ ಮಾತ್ರ ಅದಕ್ಕೆ ಕಾಲುನೋವು.

ಕಣ್ಣಿನ ಪರೀಕ್ಷೆಗೆ ಗೋಡೆಯ ಮೇಲೆ ಅಕ್ಷರಗಳ ಪಟ ಹಾಕುತ್ತಾರಲ್ಲ, ಮೇಲೆ ದೊಡ್ಡಕ್ಷರ, ಕೆಳಗೆ ಹೋದಂತೆ ಸಣ್ಣದು, ಅದನ್ನು ತಯಾರಿಸುವ ಪ್ರೋಗ್ರಾಂ ಅದು. ಉರುಹೊಡೆದು ಬರುವ ಜಾಣರಿಗಾಗಿ ಪ್ರತಿ ಸಲವೂ ಅಕ್ಷರ ಬದಲಾಯಿಸುತ್ತದೆ. ನಾನು ಬಸ್ ಡಿಪೋದ ಕ್ಲಿನಿಕ್ಕಿನಲ್ಲಿ ಸಹಾಯಕಿ. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ಅಲ್ಲಿ ನಾನೇ ರಾಣಿ. ಪಟ ಪ್ರಿಂಟ್ ಮಾಡಿ, ಎದುರು ಗೋಡೆಗೆ ಸಿಕ್ಕಿಸಿ, ಡ್ರೈವರನ್ನು ಕುರ್ಚಿಯಲ್ಲಿ ಕೂರಿಸಿ ಓದಿಸುತ್ತೇನೆ. ಕೊನೆಯ ಸಾಲು ಓದಿದವನು ಪಾಸು. ಓದಲಾಗದವನು ಅವತ್ತೇ ಬಸ್ಸಿನ ಕೀ ಒಪ್ಪಿಸಬೇಕು. ಮತ್ತೆ ಸ್ಟಿಯರಿಂಗ್ ಹಿಡಿಯುತ್ತಾನೋ ಇಲ್ಲವೋ ಎಂಬುದು ಡಾಕ್ಟರಿಗೆ ಬಿಟ್ಟದ್ದು. ಆ ಡ್ರೈವರುಗಳಲ್ಲಿ ನನ್ನ ಅಪ್ಪನೂ ಒಬ್ಬ.

ಈ ಪ್ರೋಗ್ರಾಂ ಬಂದು ಎರಡು ವರ್ಷ, ಅಂದಿನಿಂದ ನಮ್ಮ ಡಿಪೋದಲ್ಲಿ ಒಬ್ಬನೂ ಫೇಲಾಗಿರಲಿಲ್ಲ. ಹದ್ದಿನ ಕಣ್ಣಿನವರನ್ನೇ ಆರಿಸಿ ಕೆಲಸಕ್ಕೆ ತೆಗೆದುಕೊಂಡಿದ್ದೇನೆ ಎಂದು ಮ್ಯಾನೇಜರು ಮೀಟಿಂಗಿನಲ್ಲಿ ಬೆನ್ನು ತಟ್ಟಿದರು, ತಮ್ಮದೇ ಬೆನ್ನು.

ಒಂದು ದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಕುರ್ಚಿಯಲ್ಲಿ ಗಡ್ಡದ ಡ್ರೈವರೊಬ್ಬ ಕೂತಿದ್ದ. ಅವನನ್ನು ಕಾಯಿಸುವುದೇಕೆ ಎಂದು ಮಾನಿಟರನ್ನೇ ಅವನ ಕಡೆ ತಿರುಗಿಸಿದೆ. ಸರಸರ ಓದುತ್ತ ಬಂದವನು ಆರನೇ ಸಾಲು ಮುಗಿಸಿ ಎದ್ದೇಬಿಟ್ಟ.

"ಇನ್ನೂ ಎರಡು ಸಾಲಿದೆ, ಕೂತ್ಕೊಳ್ಳಿ," ಎಂದೆ.

"ಮೇಡಂ, ನಮಗೆ ಸಿಲಬಸ್ ಆರೇ ಸಾಲು. ಇದನ್ನೆಲ್ಲಿಂದ ತಂದ್ರಿ?"

ಡ್ರಾಯರಿನಲ್ಲಿದ್ದ ಹಳೆಯ ಪಟಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಆರೇ. ನನಗೆ ಆಗ ಡ್ರೈವರುಗಳ ಕಣ್ಣಿನ ಚಿಂತೆಗಿಂತ ಗಂಡ ಸಿಕ್ಕಿಬಿದ್ದನಲ್ಲ ಎಂಬ ಖುಷಿಯೇ ಹೆಚ್ಚಾಯಿತು. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ.

"ನನ್ನ ಲ್ಯಾಪ್‌ಟಾಪಲ್ಲಿ ಎಂಟೂ ಸಾಲು ಪ್ರಿಂಟ್ ಆಗುತ್ತೆ," ಎಂದ.

"ಡಿಪೋದಲ್ಲಿ ಆಗಲ್ಲ."

"ಡಿಪೋ ಕಂಪ್ಯೂಟರಲ್ಲಿರೋದು ವಿಂಡೋಸ್ ಅಲ್ಲ, ಲಿನಕ್ಸ್. ಅಲ್ಲಿ ಪ್ರಿಂಟಿಂಗ್ ದಾರೀನೇ ಬೇರೆ."

"ಎಲ್ಲ ಕಡೆ ಓಡುತ್ತೆ ಅಂದಿದ್ದೆ?"

"ಓಡುತ್ತಲ್ಲ, ಓಡಲ್ಲ ಅಂದ್ನಾ? ಪ್ರಿಂಟ್ ಬೇರೆ ವಿಷಯ. ಈಗಿನ ಕಾಲದಲ್ಲಿ ಪ್ರಿಂಟ್ ಯಾರು ತೆಗೀತಾರೆ ಹೇಳು?"

"ನಾನು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಂಡನಿಗೆ ಡೊಂಕು ನೆಲಗಳೇ ಮೂರಿದ್ದವು: ಯಾರೋ ಬರೆದಿಟ್ಟ ಸಿದ್ಧ ಕೋಡಿನ ಲೈಬ್ರರಿ, ಲಿನಕ್ಸಿನ ಪ್ರಿಂಟ್ ವ್ಯವಸ್ಥೆ, ಕೊನೆಯದಾಗಿ ಪ್ರಿಂಟರು. ಒಂದು ಇನ್ನೊಂದಕ್ಕೆ ಒಪ್ಪಿಸುತ್ತದಂತೆ, ಇವನ ಕೈ ಬಿಟ್ಟ ಮೇಲೆ ಇವನ ಜವಾಬ್ದಾರಿ ಇಲ್ಲವಂತೆ. ಹಾಗಾದರೆ ಈ ಎರಡು ವರ್ಷ ಅವನು ಮಾಡಿದ್ದೇನು? ಬಟನ್ನುಗಳ ಮೂಲೆ ದುಂಡಗೆ ಮಾಡಿದ, ರಾತ್ರಿ ಕೆಲಸ ಮಾಡುವವರಿಗೆ ಕಪ್ಪು ಬಣ್ಣದ ಪರದೆ ಮಾಡಿಕೊಟ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ನಾನು ಬಿಡುವವಳಲ್ಲ. ಡಾಕ್ಟರಿಗೆ ಹೇಳಿದೆ. ಅವರು ಪರೀಕ್ಷೆ ನಿಲ್ಲಿಸಿ, ಪಟ ಸರಿಯಾದ ಮೇಲೆ ಎಲ್ಲರನ್ನೂ ಮತ್ತೆ ಕೂರಿಸಿ ಎಂದು ಅಪ್ಪಣೆ ಕೊಟ್ಟು, ಗಂಡನ ಕಂಪನಿಗೂ ಫೋನ್ ಮಾಡಿದರು. ಗಂಡ ನನ್ನ ಜೊತೆ ಮಾತು ಬಿಟ್ಟು, ಹಳೆಯ ಪಟಗಳ ಅಕ್ಷರ ಅಳೆಯಲು ಸ್ಕೇಲು ಹಿಡಿದು ಕೂತ. ಭಾನುವಾರ ಮಧ್ಯಾಹ್ನ "ಸಿಕ್ತು!" ಎಂದ, ಕಳೆದುಹಾಕಿದ್ದು ಬೇರೆ ಯಾರೋ ಎನ್ನುವ ಹಾಗೆ. ಅಕ್ಷರದ ಅಳತೆಯನ್ನು ಅವನು ಪರದೆಯ ಚುಕ್ಕೆಗಳಲ್ಲಿ ಕೊಟ್ಟಿದ್ದನಂತೆ. ಲಿನಕ್ಸಿನಲ್ಲಿ ಕಾಗದದ ಚುಕ್ಕೆ ಅದಕ್ಕಿಂತ ದೊಡ್ಡದಂತೆ. ಹಾಗಾಗಿ ಪಟವಿಡೀ ಊದಿಕೊಂಡು, ಕೊನೆಯ ಎರಡು ಸಾಲು ಹಾಳೆಯಿಂದಾಚೆ ಬಿದ್ದುಹೋಗಿತ್ತು. ಉಳಿದ ಆರೂ ಇರಬೇಕಾದ್ದಕ್ಕಿಂತ ದಪ್ಪ. ನಮ್ಮ ಹದ್ದುಗಳ ಗುಟ್ಟು ಅಷ್ಟೇ.

ಸೋಮವಾರ ಹೊಸ ಪಟ ಸಿಕ್ಕಿಸಿದೆ. ಎಂಟೂ ಸಾಲು ಮುದ್ದಾಗಿ ಬಂದಿದ್ದವು. ಒಳಗೊಳಗೇ ಗೆದ್ದ ಜಂಬ. ಮೊದಲು ಬಂದವನು ಅಪ್ಪ. ಅವನು ಎಲ್ಲಿಗಾದರೂ ಮೊದಲೇ ಬರುತ್ತಾನೆ.

ಮೂರು ಸಾಲು ಓದಿದ. ನಾಲ್ಕನೆಯದಕ್ಕೆ ಕುತ್ತಿಗೆ ಮುಂದೆ ಚಾಚಿದ. ಐದನೆಯದಕ್ಕೆ ಕಣ್ಣು ಕಿರಿದು ಮಾಡಿದ.

"ನಿಧಾನಕ್ಕೆ ನೋಡಪ್ಪ. ಅವಸರ ಇಲ್ಲ."

"ಅಲ್ಲಿ ಅಕ್ಷರ ಇದೆಯಾ, ಇಲ್ಲ ಗೆರೆ ಎಳೆದಿದ್ದಾರಾ?"

ಡ್ರಾಯರಿನಲ್ಲಿ ಹಳೆಯ ಪಟ ಇದ್ದೇ ಇತ್ತು. ಸಿಕ್ಕಿಸಿದರೆ ಕೇಳುವವರಿಲ್ಲ. ಕೈ ಅತ್ತ ಹೋಯಿತು ಕೂಡ.

"ಬೇಡ ಮಗಳೇ," ಎಂದ ಅಪ್ಪ. "ಹೋದ ವರ್ಷದಿಂದ್ಲೂ ಕಾಣ್ತಿಲ್ಲ. ಸ್ಟಾಪಲ್ಲಿ ನಿಂತೋರು ಕೈ ಬೀಸಿದ್ರೆ ಮನುಷ್ಯರು, ಬೀಸದಿದ್ರೆ ಕಂಬ. ಹಾಗೇ ಓಡಿಸ್ತಿದೀನಿ."

"ನನಗೊಂದು ಮಾತು ಹೇಳಬಾರದಿತ್ತಾ?"

"ಅದಕ್ಕೇ ಹೋದ ಸಲ ಬಂದು ಕೂತೆ, ಈ ಸಲ ಹಿಡೀತಾಳೆ ಅಂತ. ನೀನು ಪಾಸ್ ಅಂತ ಬರೆದೆ. ಕಲಿತ ಮಗಳು ಸರಿ ಇದೆ ಅಂದ್ಮೇಲೆ ಕಣ್ಣು ಸರೀನೇ ಇರುತ್ತೆ, ನನ್ನ ತಲೇನೇ ಕೆಟ್ಟಿರಬೇಕು ಅಂದ್ಕೊಂಡೆ."

ನಾನೇ ಬರೆದದ್ದು, ನನ್ನದೇ ಪೆನ್ನು. ಗಂಡನಿಗೆ ಎಸೆದ ಮಾತುಗಳೆಲ್ಲ ಈಗ ನನಗೇ ಹೊಂದುತ್ತಿದ್ದವು. ಅಪ್ಪ ಕೀಯನ್ನು ತಾನಾಗಿಯೇ ಮೇಜಿನ ಮೇಲಿಟ್ಟ. ನಾನು ಫೇಲ್ ಎಂದು ಬರೆದೆ.

"ಮನೆಗೆ ಹೋಗೋ ಬಸ್ ಹತ್ತಿಸಿ ಬಾ," ಎಂದ. "ಬೋರ್ಡ್ ಓದೋಕೆ ಆಗಲ್ಲ."

ಹೊರಗೆ ಕಾಯುತ್ತಿದ್ದವರಿಗೆ ಕೂತಿರಿ ಎಂದು ಹೇಳಿ, ಅವನ ತೋಳು ಹಿಡಿದು ಡಿಪೋದ ಎದುರಿನ ಸ್ಟಾಪಿಗೆ ಬಂದೆ. ನಲವತ್ತು ವರ್ಷ ಬಸ್ ನಿಲ್ಲಿಸಿದವನು ಜನರ ನಡುವೆ ಹೇಗೆ ನಿಲ್ಲಬೇಕೆಂದು ತಿಳಿಯದೆ ರಸ್ತೆಯ ಅಂಚಿಗೇ ಹೋಗಿ ನಿಂತ. ದೂರದಲ್ಲಿ ಬಸ್ಸಿನ ಸದ್ದು ಕೇಳಿತು. ಅಪ್ಪ ನನ್ನ ಮೊಣಕೈ ತಿವಿದ.

"ಕೈ ಜೋರಾಗಿ ಬೀಸು. ಈ ಟ್ರಿಪ್ಪಿನವನ ಪರೀಕ್ಷೆ ಇರೋದು ನಾಳೆ."