ದಣಪೆಯ ಹೊರಗೆ ನಿಂತ ಸೈಕಲ್

ಕೋಟದ ವೈಕುಂಠನ ಸೈಕಲ್ ದೂರದಲ್ಲಿ ಕಂಡರೆ ಜನ ಮೊದಲು ಕಿವಿಗೊಡುತ್ತಿದ್ದುದು ಅದರ ಬೆಲ್ಲಿಗೆ. ಬಾರಿಸುತ್ತ ಬಂದರೆ ಹೆದರುವುದಕ್ಕೇನಿಲ್ಲ, ಹೀಗೇ ಬಂದಿದ್ದಾನೆ. ಬಾರಿಸದೆ ಬಂದರೆ ಯಾರೋ ಸತ್ತಿದ್ದಾರೆ.

ಈ ಕೆಲಸ ಅವನು ಬಯಸಿ ಪಡೆದದ್ದಲ್ಲ. ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ವಾಪಸಾಗುವಾಗ ಒಂದು ಸೈಕಲ್ ತಂದ, ಅಷ್ಟೇ ಅವನ ತಪ್ಪು. ಕೇರಿಗೆಲ್ಲ ಅದೊಂದೇ ಸೈಕಲ್. ಯಾರ ಮನೆಯಲ್ಲಿ ಜೀವ ಹೋದರೂ, ‘ವೈಕುಂಠ, ನೆಂಟ್ರಿಗೊಂದ್ ಹೇಳಿ ಬಾ ಮಾರಾಯ’ ಎಂದು ಅವನ ಅಂಗಳಕ್ಕೇ ಬರುತ್ತಿದ್ದರು. ಸಾವಿನ ಸುದ್ದಿ ಒಯ್ಯುವವನಿಗೆ ನಮ್ಮ ಕಡೆ ಕಟ್ಟುಪಾಡುಗಳಿವೆ. ಅಂಗಳದ ಬೇಲಿಗೆ ಅಡ್ಡಮರ ಹಾಕಿದ ದಣಪೆಯನ್ನು ಅವನು ದಾಟುವಂತಿಲ್ಲ, ಹೊರಗೇ ನಿಂತು ಹೇಳಬೇಕು. ಆ ಮನೆಯ ನೀರು ಕುಡಿಯುವಂತಿಲ್ಲ. ಹೊರಡುವಾಗ ‘ಬತ್ತೆ’ ಅನ್ನುವಂತಿಲ್ಲ. ಬೆಲ್ ಬಾರಿಸದಿರುವುದೊಂದನ್ನು ವೈಕುಂಠನೇ ಸೇರಿಸಿಕೊಂಡಿದ್ದ. ಹೆಣದ ಸುದ್ದಿಯನ್ನು ಗಣಗಣ ಸದ್ದು ಮಾಡಿಕೊಂಡು ಒಯ್ಯುವುದು ಅವನಿಗೆ ಸರಿಬರಲಿಲ್ಲ.

ಉಪಕಾರ ಮಾಡಿಸಿಕೊಂಡು ಮುಖ ತಿರುಗಿಸುವುದರಲ್ಲಿ ನಮ್ಮವರು ಗಟ್ಟಿಗರು. ದೊಡ್ಡ ರಸ್ತೆಯಲ್ಲಿ ಅವನು ಎದುರಾದರೆ ಶುಭಕಾರ್ಯಕ್ಕೆ ಹೊರಟವರು ಮನೆಗೆ ತಿರುಗಿ ಹೋಗಿ, ಒಂದು ಗಳಿಗೆ ಕೂತು, ಮತ್ತೆ ಹೊರಡುತ್ತಿದ್ದರು. ಅದನ್ನು ನೋಡಿ ನೋಡಿ ಸಾಕಾಗಿ ಅವನು ಬಸ್ಸು ಗಾಡಿ ಜನ ಯಾವುದೂ ಇಲ್ಲದ ಗುಡ್ಡದ ದಾರಿಗಳನ್ನು ಹಿಡಿದ. ಬಯಲಿನ ಅಂಚಿನಲ್ಲಿ ಹೋಗಿ, ಹಾಡಿಯ ಮರಗಳ ನೆರಳಿನಲ್ಲಿ ಏರಿ, ಕೆಂಪು ಮುರಕಲ್ಲಿನ ಬೋಳುಗುಡ್ಡದ ನೆತ್ತಿಗೆ ಬಂದರೆ ಪಡುವಣದಲ್ಲಿ ಸಮುದ್ರ, ಮೂಡಣದಲ್ಲಿ ಘಟ್ಟ. ಅಲ್ಲಿ ಅವನನ್ನು ನೋಡಿ ಹಿಂದೆ ಸರಿಯುವವರು ಯಾರೂ ಇರಲಿಲ್ಲ. ಕೆಲಸವಿಲ್ಲದ ದಿನವೂ ಆ ದಾರಿಗಳಲ್ಲಿ ಸುತ್ತುವುದು ಅಭ್ಯಾಸವಾಯಿತು. ಮಗಳು ಗೋಮತಿ ಚಿಕ್ಕವಳಿದ್ದಾಗ ಮುಂದಿನ ಸರಳಿನ ಮೇಲೆ ಅವಳನ್ನು ಕೂರಿಸಿಕೊಂಡು ಹೋಗುತ್ತಿದ್ದ. ಬೆಲ್ ಬಾರಿಸುವ ಅಧಿಕಾರ ಆಗ ಅವಳದು. ಗುಡ್ಡವಿಡೀ ಬಾರಿಸುತ್ತಿದ್ದಳು.

ಆ ಗೋಮತಿಯನ್ನು ಹೊಳೆಯಾಚೆಯ ಗುಲ್ವಾಡಿಗೆ, ಶಾಮರಾಯರ ಮಗ ಗಣಪಯ್ಯನಿಗೆ ಕೊಟ್ಟಿದ್ದ. ಯುದ್ಧದ ಕಾಲ. ಅಕ್ಕಿಗೆ ಕಂಟ್ರೋಲು, ಬಸ್ಸು ಓಡುವುದು ಇದ್ದಲಿನಲ್ಲಿ, ಸೈಕಲ್ಲಿಗೆ ಟ್ಯೂಬು ಕನಸಿನಲ್ಲೂ ಸಿಗದು. ವೈಕುಂಠ ಟಯರಿನೊಳಗೆ ತೆಂಗಿನ ನಾರಿನ ಹಗ್ಗ ಸುತ್ತಿ ಓಡಿಸುತ್ತಿದ್ದ. ಅಂಥ ದಿನಗಳಲ್ಲೇ ಶಾಮರಾಯರು ಮಗಳು ಸರೋಜಳ ಮದುವೆ ಇಟ್ಟುಕೊಂಡರು. ಅದೇ ವಾರ ವೈಕುಂಠನ ಹೆಂಡತಿ ತುಂಗಾ ಜ್ವರ ಬಂದು ಮಲಗಿದಳು. ಮದುವೆಗೆ ಬರಲಾಗುವುದಿಲ್ಲವೆಂದು ಗುಲ್ವಾಡಿಗೆ ಹೇಳಿಕಳಿಸಿದ್ದಾಯಿತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ತುಂಗಾ ಕಣ್ಣು ಬಿಟ್ಟು, “ಗೋಮತಿನ್ ಒಂದ್ಸಲ ಕಾಣ್ಕಿತ್ತ್” ಎಂದಳು. ನಾಡಿ ನೋಡುತ್ತಿದ್ದ ಪಂಡಿತರು ಕೈ ಕೆಳಗಿಟ್ಟು, ಕರೆಸುವುದಿದ್ದರೆ ಇವತ್ತೇ ಕರೆಸಿ ಎಂದರು.

ತಮ್ಮನ ಮಗ ಪ್ರೇಮಾನಂದನನ್ನು ಅವಳ ಹತ್ತಿರ ಕೂರಿಸಿ ವೈಕುಂಠ ಸೈಕಲ್ ಹತ್ತಿದ. ಹಿಂದಿನ ಕ್ಯಾರಿಯರಿಗೆ ಗೋಣಿ ಮಡಚಿ ಕಟ್ಟಿದ್ದ, ಮಗಳನ್ನು ಅದರ ಮೇಲೆ ಕೂರಿಸಿಕೊಂಡು ಬರುವುದೆಂದು. ಮದುವೆಯಾದ ಹೆಂಗಸು ಸೈಕಲ್ ಹತ್ತಿದರೆ ಊರು ಸುಮ್ಮನಿರುತ್ತದೆಯೇ? ಆದರೆ ಗುಡ್ಡದ ದಾರಿಯಲ್ಲಿ ನೋಡುವವರು ಯಾರು?

ಬೆಲ್ಲಿನ ಮುಚ್ಚಳ ಸಡಿಲವಾಗಿದ್ದುದು ಅವನಿಗೆ ಗೊತ್ತಿತ್ತು. ಬಿಗಿ ಮಾಡಲು ಪುರುಸೊತ್ತಾಗಿರಲಿಲ್ಲ. ಮುರಕಲ್ಲಿನ ಇಳಿಜಾರಿನಲ್ಲಿ ಚಕ್ರ ಜಾರಿ ಬಿದ್ದು ಮೊಣಕೈಯ ಚರ್ಮ ಕಿತ್ತುಹೋಯಿತು. ಎದ್ದು ನೋಡಿದರೆ ಮುಚ್ಚಳವಿಲ್ಲ, ಬೆಲ್ ಒತ್ತಿದರೆ ಸದ್ದಿಲ್ಲ. ಪೊದೆಯಲ್ಲಿ ಸ್ವಲ್ಪ ಹುಡುಕಿದ. ತುಂಗಾಳ ಮುಖ ನೆನಪಾಗಿ, ಹಾಳಾಗಿ ಹೋಗಲಿ ಎಂದು ಮತ್ತೆ ಹತ್ತಿದ.

ಹೊಳೆಯನ್ನು ದೋಣಿಯಲ್ಲಿ ದಾಟಿ ಶಾಮರಾಯರ ಮನೆ ಮುಟ್ಟುವಾಗ ಅಂಗಳದಲ್ಲಿ ಚಪ್ಪರ, ವಾಲಗದವರು ಬಂದು ಕೂತಾಗಿತ್ತು. ವೈಕುಂಠ ಸೈಕಲ್ಲಿನಿಂದ ಇಳಿದ. ಇಳಿದವನು ದಣಪೆಯ ಹೊರಗೇ ನಿಂತುಬಿಟ್ಟ. ಎಷ್ಟೋ ಮನೆಗಳ ಎದುರು ಹಾಗೆ ನಿಂತು ನಿಂತು ಕಾಲಿಗೆ ಅದೇ ರೂಢಿ. ಆ ಹೊತ್ತಿನಲ್ಲಿ ಅದು ಅವನ ಗಮನಕ್ಕೇ ಬರಲಿಲ್ಲ.

ಜಗಲಿಯಲ್ಲಿದ್ದ ಶಾಮರಾಯರು ತಲೆ ಎತ್ತಿದರು. ಬೆಲ್ ಕೇಳಿರಲಿಲ್ಲ. ಬೀಗರು ದಣಪೆಯ ಹೊರಗೆ ನಿಂತಿದ್ದಾರೆ, ಕೈಯಲ್ಲಿ ರಕ್ತ, ಮುಖದಲ್ಲಿ ಜೀವವಿಲ್ಲ. ಬೀಗಿತ್ತಿಗೆ ಜ್ವರವೆಂದು ಮೊದಲೇ ಗೊತ್ತು. ಇನ್ನು ಹೇಳುವುದೇನು ಉಳಿದಿದೆ?

ಶಾಮರಾಯರು ಕೆಟ್ಟವರೆಂದು ನಾನು ಹೇಳುವುದಿಲ್ಲ, ಹೆದರಿದವರು. ಹೆಂಡತಿ ತೀರಿಹೋದ ಅವರು ಮಗಳನ್ನು ಧಾರೆ ಎರೆಯುವಂತಿರಲಿಲ್ಲ. ಗಣಪಯ್ಯ ಮತ್ತು ಗೋಮತಿಯೇ ಎರೆಯಬೇಕು. ಗೋಮತಿಗೆ ತಾಯಿಯ ಸೂತಕ ಬಂದರೆ ಧಾರೆ ನಿಂತಿತು, ಮದುವೆ ಮುರಿಯಿತು. ಅಲ್ಲಿ ಇಲ್ಲಿ ಕಾಡಿ ಬೇಡಿ ಕೂಡಿಸಿದ ಅಕ್ಕಿ ಇನ್ನೊಮ್ಮೆ ಸಿಗುವ ಮಾತಿಲ್ಲ. ಆದರೆ ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಕೇಳದಿದ್ದರೆ ಇಲ್ಲ.

“ಹ್ವಾಯ್, ಬಾರ್ಸಿ! ಗಟ್ಟಿ ಬಾರ್ಸಿ!” ಎಂದು ಅವರು ವಾಲಗದವರಿಗೆ ಕೂಗಿದರು.

ಡೋಲು, ವಾಲಗ ಒಟ್ಟಿಗೆ ಎದ್ದವು. ಸದ್ದು ಕೇಳಿ ಗೋಮತಿ ಬಾಗಿಲಿಗೆ ಬಂದಳು, ತಂದೆಯನ್ನು ಕಂಡಳು, ಅವನು ನಿಂತ ಜಾಗವನ್ನೂ ಕಂಡಳು. ಶಾಮರಾಯರ ತಂಗಿ ಗೋದಾವರಿ ಹಿಂದಿನಿಂದ ಬಂದು ಅವಳ ಎರಡೂ ಕಿವಿ ಮುಚ್ಚಿ ಒಳಗೆ ಎಳೆದುಕೊಂಡಳು.

“ಬದ್ಕಿತ್ತ್! ಇನ್ನೂ ಜೀವ ಇತ್ತ್ ರಾಯ್ರೇ! ಕೂಸಿನ್ ಕಾಂಬುಕ್ ಕರೀತಿತ್ತ್!” ವೈಕುಂಠ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ವಾಲಗದವರು ಇನ್ನೂ ಜೋರಾಗಿ ಊದಿದರು. ಆಗ ಅವನಿಗೆ ತಾನು ನಿಂತ ಜಾಗದ ಅರಿವಾಯಿತು. ದಣಪೆಯ ಮರ ಸರಿಸಿ ಒಳಗೆ ನುಗ್ಗಿದ. ಹೊತ್ತು ಮೀರಿತ್ತು. ಹೆಗಲ ಮೇಲಿನ ಬೈರಾಸನ್ನು ಕಿವಿಗೆ ಸುತ್ತಿಕೊಂಡ ಗಂಡಸರು ಅವನ ರಟ್ಟೆ ಹಿಡಿದು, ಕೈ ಮುಗಿದು, ಹೊರಗೆ ತಳ್ಳಿದರು. ಬಾಗಿಲು ಹಾಕಿಕೊಂಡರು. ಮುಚ್ಚಿದ ಬಾಗಿಲಿನ ಎದುರು ವಾಲಗ ನಿಲ್ಲಲೇ ಇಲ್ಲ.

ಗೋಣಿ ಕಟ್ಟಿದ ಕ್ಯಾರಿಯರು ಬರಿದಾಗಿಯೇ ವಾಪಸು ಬಂತು. “ಗೋಮತಿ ಬಂದ್ಲಾ?” ಎಂದಳು ತುಂಗಾ. “ಸರೋಜನ್ ಮದಿ ಮುಗ್ಸಿ ಬತ್ತ್‌ಳ್” ಎಂದ. ಅವಳು ಬಾಗಿಲಿನ ಕಡೆಗೆ ಮುಖ ಮಾಡಿ ಮಲಗಿದಳು. ಮಾರನೆಯ ದಿನ, ಮದುವೆಯ ಸಂಜೆ, ಹಾಗೇ ಮಲಗಿದ್ದಲ್ಲೇ ಹೋದಳು.

ಮಗಳು ಮುಖ ನೋಡದೆ ಹೆಣ ಎತ್ತುವುದಿಲ್ಲವೆಂದು ವೈಕುಂಠ ಹಟ ಹಿಡಿದ. ಬೆಳಗಾದ ಮೇಲೆ ಪ್ರೇಮಾನಂದ, “ದೊಡ್ಡಪ್ಪಯ್ಯ, ನೀವ್ ಕೂಕಣಿ. ನಾ ಹೋಯಿ ಹೇಳ್ತೆ” ಎಂದ.

“ಊರಿನ್ ಸಾವೆಲ್ಲ ಹೇಳ್ದವ ನಾನ್. ನನ್ ಮನಿದ್ ಇನ್ನೊಬ್ಬ ಹೇಳ್ಕಾ?” ಎಂದು ವೈಕುಂಠ ಹೊರಟ.

ಬಿದ್ದ ಜಾಗಕ್ಕೆ ಬಂದರೆ ಬೆಲ್ಲಿನ ಮುಚ್ಚಳ ದಾರಿಯ ನಡುವೆ, ಕಣ್ಣಿಗೆ ಹೊಡೆಯುವಂತೆ ಬಿದ್ದುಕೊಂಡಿತ್ತು. ಅದನ್ನು ನೋಡಿ ಅವನು ಅಳಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಮುಚ್ಚಳ ತಿರುಗಿಸಿ ಬಿಗಿದ. ಅಲ್ಲಿಯೇ ತೀರ್ಮಾನ ಮಾಡಿದ: ಇವತ್ತು ಬೆಲ್ ಬಾರಿಸಿಕೊಂಡೇ ಹೋಗಬೇಕು. ದಣಪೆ ದಾಟಿ, ಜಗಲಿಯಲ್ಲಿ ಕೂತು, ಶಾಮರಾಯನ ಕೈಯ ನೀರು ಕುಡಿದು, ಅವನು ನಗುತ್ತಿರುವಾಗಲೇ ಮುಖಕ್ಕೆ ಹೇಳಬೇಕು. ಕಿವಿ ಮುಚ್ಚಿಕೊಳ್ಳಲು ಸಮಯ ಕೊಡಬಾರದು.

ದೋಣಿ ಇಳಿದಲ್ಲಿಂದಲೇ ಬಾರಿಸುತ್ತ ಹೋದ. ಮದುವೆ ಮುಗಿದ ಅಂಗಳದಲ್ಲಿ ಬಾಳೆಲೆಯ ರಾಶಿ, ಕಾಗೆಗಳು. ಬೆಲ್ ಕೇಳಿ ಶಾಮರಾಯರು ಜಗಲಿಯಿಂದ ಎದ್ದೇ ಬಂದರು. ತಾವೇ ದಣಪೆಯ ಮರ ಸರಿಸಿದರು.

“ಬನ್ನಿ ಬೀಗ್ರೇ, ಬನ್ನಿ! ದೇವ್ರ್ ದೊಡ್ಡವ. ನಾವ್ ಮೊನ್ನೆ ಎಂತದೋ ಗ್ರಹಿಸಿ... ಮನ್ಸಿಗ್ ಹಚ್ಕಂಬುಕಾಗ.”

ವೈಕುಂಠ ಒಳಗೆ ಹೋಗಿ ಜಗಲಿಯಲ್ಲಿ ಕೂತ. ಗೋಮತಿ ಚೆಂಬಿನಲ್ಲಿ ನೀರು, ಬಟ್ಟಲಿನಲ್ಲಿ ಬೆಲ್ಲ ಹಿಡಿದು ಓಡಿಬಂದಳು. ಕಣ್ಣು ಬಾತುಹೋಗಿದ್ದವು, ಆದರೂ ಮುಖವೆಲ್ಲ ನಗು.

“ಬೆಲ್ ಕೇಂಡ್ತ್ ಅಪ್ಪಯ್ಯ! ಅಮ್ಮ ಹುಷಾರ್ ಇದ್ರ್ ಅಲ್ದಾ? ನಾನ್ ಎರಡ್ ದಿನ ಒಳ್ಗೊಳ್ಗೇ ಸತ್ತೆ. ಧಾರೆ ಎರೆವತಿಗೂ ಅಮ್ಮನ್ ಮುಖವೇ.”

ಚೆಂಬಿಗೆಂದು ಚಾಚಿದ ವೈಕುಂಠನ ಕೈ ಹಾಗೇ ನಿಂತಿತು. ಶಾಮರಾಯನಿಗೆ ಎಂದು ಇಟ್ಟುಕೊಂಡ ಏಟು ಯಾರ ಮೇಲೆ ಬಿತ್ತೆಂದು ಆಗ ಕಂಡಿತು. ಗುಡ್ಡದ ಮೇಲೆ ಸಿಟ್ಟಿನಲ್ಲಿ ಲೆಕ್ಕ ಹಾಕುವಾಗ ಈ ಮುಖ ಅವನಿಗೆ ನೆನಪೇ ಆಗಿರಲಿಲ್ಲ. ಎಂಥ ಪಾಪಿ ನಾನು ಎಂದುಕೊಂಡ.

ಚೆಂಬನ್ನು ಮುಟ್ಟದೆ ಎದ್ದ. ಅಂಗಳ ಇಳಿದು, ಸೈಕಲ್ ಹಿಡಿದು, ದಣಪೆ ದಾಟಿ ಹೊರಗೆ ಹೋಗಿ, ಮನೆಯ ಕಡೆಗೆ ಮುಖ ಮಾಡಿ ನಿಂತ.

ಗೋಮತಿಯ ನಗು ಇಳಿಯಿತು. ನಿಧಾನವಾಗಿ ನಡೆದು ಬಂದು ದಣಪೆಯ ಒಳಬದಿಯಲ್ಲಿ ನಿಂತಳು.

“ಯಾವಾಗ?”

“ನಿನ್ನೆ ಬೈಸಾರಿಗೆ.”

“ಹಾಂಗಾರೆ ಮೊನ್ನೆ? ಮೊನ್ನೆ ನೀವ್ ಇಲ್ಲಿ ನಿಂತಾಗ?”

“ಇದ್ಲ್ ಮಗಾ. ನಿನ್ನ್ ಕಾಣ್ಕಂದೇಳಿ ಕಾಯ್ತಿದ್ಲ್.”

ಗೋಮತಿ ತಿರುಗಿ ಮಾವನನ್ನು ನೋಡಿದಳು. ಶಾಮರಾಯರ ಎರಡೂ ಕೈಗಳು ಕಿವಿಯ ಹತ್ತಿರ ಹೋಗಿದ್ದವು. ಇವತ್ತು ವಾಲಗದವರು ಇರಲಿಲ್ಲ.

ಅವಳು ಚಪ್ಪಲಿ ಕೂಡ ಹಾಕದೆ ದಣಪೆ ದಾಟಿ ಬಂದು ಕ್ಯಾರಿಯರಿನ ಗೋಣಿಯ ಮೇಲೆ ಕೂತಳು. ಹೊಳೆ ದಾಟಿದ ಮೇಲೆ ವೈಕುಂಠ ಎಂದಿನಂತೆ ಗುಡ್ಡದ ಕಡೆಗೆ ಹ್ಯಾಂಡಲ್ ತಿರುಗಿಸಿದ.

“ಗುಡ್ಡಿ ದಾರಿ ಬ್ಯಾಡ ಅಪ್ಪಯ್ಯ, ದೊಡ್ಡ ರಸ್ತಿಯಗೇ ಹೋಪ. ಕಾಂಬವ್ರ್ ಕಾಣ್ಲಿ” ಎಂದಳು ಗೋಮತಿ.

ಅವನು ದೊಡ್ಡ ರಸ್ತೆಗೆ ಇಳಿಸಿದ. ಎದುರಿನಿಂದ ಬಂದವರು ಸೈಕಲ್ ಕಂಡು, ಹಿಂದೆ ಕೂತ ಹೆಂಗಸನ್ನು ಕಂಡು, ಪಕ್ಕಕ್ಕೆ ಸರಿದು ನಿಂತರು. ಕೋಟದವರೆಗೂ ಅವನು ಬೆಲ್ ಮುಟ್ಟಲಿಲ್ಲ.