ಮೊದಲು ಸಿಕ್ಕ ಗುಂಡಿ

ಈದ್ ವಾರದಲ್ಲಿ ಟ್ಯುನೀಶಿಯದ ಸ್ಫಾಕ್ಸ್‌ನ ನಮ್ಮ ಡಯಾಲಿಸಿಸ್ ಕೇಂದ್ರದ ಪಾಳಿ ಬದಲಾಗುತ್ತದೆ. ಹೊಸ ಪಾಳಿಯನ್ನು ಜಾಲತಾಣದಲ್ಲಿ ಬೆಳಿಗ್ಗೆ ಹತ್ತರೊಳಗೆ ಖಚಿತಪಡಿಸಬೇಕು. ತಪ್ಪಿದರೆ ಡಯಾಲಿಸಿಸ್‌ಗೆ ಕೂರುವ ಕುರ್ಚಿ ಬೇರೆಯವರಿಗೆ. ಆ ಜಾಲತಾಣ ಕಟ್ಟಿದವನು ನಾನು.

ಒಂಬತ್ತೂ ಮುಕ್ಕಾಲಿಗೆ ಪಕ್ಕದ ಮನೆಯ ಮುಹಿಬಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಆಕೆ ಟೆಲಿಫೋನ್ ಆಪರೇಟರ್, ಕಣ್ಣು ಕಾಣದು. ಟ್ಯಾಬ್ ಕೀಲಿ ಒತ್ತುತ್ತ ಹೋದಂತೆ ಯಂತ್ರ ಪುಟವನ್ನು ಓದಿ ಹೇಳುತ್ತದೆ. ಡಯಾಲಿಸಿಸ್ ಬೇಕಿದ್ದ ಅವಳ ಗಂಡ ಮೊನ್ಸೆಫ್‌ನ ಕಾಲು ಆಗಲೇ ಬಾತಿತ್ತು.

"ಹಾತಿಮ್, ನಾಳೆಯ ಕುರ್ಚಿ ಆರಿಸ್ದೆ ಕಣೋ. ಆಮೇಲೆ ನಿನ್ನ ಪುಟ ಮುನಿಸ್ಕೊಂಡು ಕೂತಿದೆ."

"ಖಚಿತವೇ?" ಎಂದು ಕೇಳುವ ಚಿಕ್ಕ ಕಿಟಕಿ ಪರದೆಯ ನಡುವೆ ತೆರೆದಿತ್ತು, ಅದರಲ್ಲಿ "ಖಚಿತ", "ರದ್ದು" ಎಂಬ ಎರಡು ಗುಂಡಿ. "ಕಣ್ಣೆದುರಿಗೇ ಇದೆಯಲ್ಲಕ್ಕ," ಎಂದುಬಿಟ್ಟೆ.

"ಯಾರ ಕಣ್ಣೆದುರಿಗೆ?"

ನಾಲಿಗೆ ಕಚ್ಚಿಕೊಂಡೆ. ಅವಳು ಟ್ಯಾಬ್ ಒತ್ತಿದಳು. ಯಂತ್ರ ಕಿಟಕಿಯ ಹಿಂದಿನ ಸಾಲುಗಳನ್ನೇ ಓದಿತು: ವಿಳಾಸ, ಹಬ್ಬದ ಶುಭಾಶಯ. ಕೀಲಿ ಎಲ್ಲಿ ನಿಂತಿದೆ ಎಂಬ ಗುರುತಿಗೆ ಫೋಕಸ್ ಎನ್ನುತ್ತೇವೆ. ಕಿಟಕಿ ತೆರೆದ ನಾನು ಫೋಕಸನ್ನು ಹೊರಗೇ ಬಿಟ್ಟಿದ್ದೆ.

"ಇಷ್ಟು ದಿನ ಯಾರೂ ದೂರು ಕೊಟ್ಟಿಲ್ಲ," ಎಂದೆ.

"ದೂರಿನ ಪುಟದಲ್ಲೂ ಇಂಥದ್ದೇ ಕಿಟಕಿ ಇಟ್ಟಿದ್ದೀಯೇನೋ. ಮೌಸ್ ಬಿಟ್ಟು ನೀನೇ ಮಾಡಿ ತೋರ್ಸು."

ಹತ್ತಕ್ಕೆ ಆರು ನಿಮಿಷ. ಗಡಿಬಿಡಿಯಲ್ಲಿ ಓದುವ ದನಿ ಕಿರಿಕಿರಿಯೆನಿಸಿ ಅದನ್ನು ನಿಲ್ಲಿಸಿದೆ. ಫೋಕಸ್ ತೋರಿಸುವ ಗೆರೆಯನ್ನು, ಅಂದಗೆಡುತ್ತದೆಂದು ನಾನೇ ಅಳಿಸಿದ್ದೆ. ಒತ್ತಿದ್ದನ್ನು ಎಣಿಸುತ್ತ ಹೋದೆ. ಕೊನೆಗೆ ಕಿಟಕಿಯ ಮೊದಲ ಗುಂಡಿ. ಅರಬ್ಬಿಯನ್ನು ಬಲದಿಂದ ಎಡಕ್ಕೆ ಓದುವುದರಿಂದ ಮೊದಲನೆಯದು ಬಲಗಡೆಯದು, ಅದು "ಖಚಿತ". ಎಂಟರ್ ಒತ್ತಿದೆ.

"ಪಾಳಿ ರದ್ದಾಗಿದೆ" ಎಂದು ಬಂತು.

ಪುಟವನ್ನು ಮೊದಲು ಫ್ರೆಂಚ್‌ನಲ್ಲಿ, ಎಡದಿಂದ ಬಲಕ್ಕೆ ಕಟ್ಟಿದ್ದೆ. ಅರಬ್ಬಿಗೆಂದು ತಿರುಗಿಸಿದ್ದು ನೋಟವನ್ನು ಮಾತ್ರ. ಕೀಲಿ ಇನ್ನೂ ಎಡದಿಂದಲೇ ಹೋಗುತ್ತಿತ್ತು.

"ಏನು ಬಂತೋ?"

"ರದ್ದಾಯ್ತಕ್ಕ. ನಾನೇ ಮಾಡ್ದೆ."

ಅವಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. "ಕುರ್ಚಿ?"

ಪಟ್ಟಿಯಲ್ಲಿ ಇನ್ನೂ ಇತ್ತು. ಮೂರು ನಿಮಿಷ. "ಮೌಸ್ ಮುಟ್ಲಾ?"

"ಮುಟ್ಟು ಮಾರಾಯ. ಪಾಠ ಆಮೇಲೆ ಹೇಳ್ತೀನಿ."

ಹತ್ತಕ್ಕೆ ಒಂದು ನಿಮಿಷವಿದ್ದಾಗ ಖಚಿತವಾಯಿತು. ಅವಳು ನಗಲಿಲ್ಲ. "ನನ್ನ ಹಾಗೆ ಇನ್ನೆಷ್ಟು ಜನ ಬಾಗಿಲಲ್ಲಿ ನಿಂತಿದ್ದಾರೆ, ನೋಡು."

ಲೆಕ್ಕ ತೆಗೆದೆ. ಕುರ್ಚಿ ಆರಿಸಿಯೂ ಖಚಿತಪಡಿಸದವರು ನಾಲ್ವರು. ಕೂಡಲೇ ಕೇಂದ್ರಕ್ಕೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ಅವರು ಮೂವರಿಗೆ ಕುರ್ಚಿ ಹೊಂದಿಸಿದರು. ನಾಲ್ಕನೆಯವರು ಫೋನ್ ಎತ್ತಲೇ ಇಲ್ಲ.

ಜಾಲಪುಟ ಕಟ್ಟುವ ಗೆಳೆಯರೇ, ನನಗೂ ಎಲ್ಲ ತಿಳಿದಿಲ್ಲ. ಆದರೂ ಇಷ್ಟು ಕೇಳಿಕೊಳ್ಳುತ್ತೇನೆ. ಕಿಟಕಿ ತೆರೆದಾಗ ಫೋಕಸನ್ನು ಒಳಗೆ ಕರೆದುಕೊಳ್ಳಿ, ಮುಚ್ಚಿದಾಗ ಆ ಕಿಟಕಿಯನ್ನು ತೆರೆಸಿದ ಗುಂಡಿಗೇ ಮರಳಿಸಿ. ಅದರ ಗೆರೆಯನ್ನು ಅಳಿಸಬೇಡಿ. ಕಣ್ಣು ಓದುವ ಕ್ರಮದಲ್ಲೇ ಕೀಲಿಯೂ ನಡೆಯಲಿ. ಇವತ್ತೇ ನಿಮ್ಮ ಪುಟವನ್ನು ಬರೀ ಕೀಲಿಗಳಿಂದ ಕೊನೆಯವರೆಗೆ ದಾಟಿ ನೋಡಿ. ಆ ನಾಲ್ಕನೆಯವರಿಗೆ ನಾನು ಇನ್ನೂ ಫೋನ್ ಮಾಡುತ್ತಿದ್ದೇನೆ.