ಭಾವನ ಪರ ಒಂದು ಕೈ

ಕ್ಲಬ್ಬಿನ ಕಮಿಟಿಯಲ್ಲಿ ಐದು ಜನ. ಇಬ್ಬರು ಮ್ಯಾನೇಜರ್ ಇರಲಿ ಅಂದರು, ಇಬ್ಬರು ಹೋಗಲಿ ಅಂದರು. ಉಳಿದವನು ಬಡಗಿ. ಮ್ಯಾನೇಜರ್ ಬೇರೆ ಯಾರೂ ಅಲ್ಲ, ಅವನ ಅಕ್ಕನ ಗಂಡ.

ಇಪ್ಪತ್ತೆರಡು ವರ್ಷದಿಂದ ಆ ಫುಟ್‌ಬಾಲ್ ತಂಡವನ್ನು ಭಾವನೇ ಆಡಿಸುತ್ತಿದ್ದರು. ದೊಡ್ಡ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನು ಎಗರಿಸಿಕೊಂಡು ಹೋದ ಮೇಲೆ ಉಳಿದವರನ್ನೇ ಕಟ್ಟಿಕೊಂಡು ಹೇಗೋ ತೂಗಿಸಿಕೊಂಡು ಬಂದಿದ್ದರು. ಈ ಸಲ ಮಾತ್ರ ಒಂಬತ್ತು ಪಂದ್ಯದಲ್ಲಿ ಎಂಟು ಸೋಲು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಅನ್ನುವ ಹಾಗೆ ಮುಂದಿನವರ ಆಟವೇ ಬೇರೆ, ಹಿಂದಿನವರ ಆಟವೇ ಬೇರೆ. ಹೀಗೇ ಆದರೆ ತಂಡ ಕೆಳಗಿನ ಡಿವಿಷನ್‌ಗೆ ಇಳಿಯುವುದು ಖಂಡಿತ.

ಶನಿವಾರ ಸಂಜೆ ಮೀಟಿಂಗು. ಹಿಂದಿನ ದಿನ ಬಡಗಿ ಅಕ್ಕನ ಮನೆಗೆ ಹೋದ. ಅಕ್ಕ ಹಿತ್ತಲಿನ ತಂತಿಗೆ ಹದಿನಾಲ್ಕು ಜರ್ಸಿ ಒಣಹಾಕುತ್ತಿದ್ದಳು.

"ನಾಳೆ ಏನು ಮಾಡ್ಲಿ ಅಕ್ಕಾ?"

"ಇಟ್ಕೊಂಡ್ರೆ ಅವರಿಗೆ ಖುಷಿ, ಬಿಟ್ರೆ ನನಗೆ ಖುಷಿ." ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು. "ಅದೂ ಎರಡೇ ದಿನ. ಮೂರನೇ ದಿನ ಅಡುಗೆಮನೆಗೆ ಬಂದು ಈರುಳ್ಳಿ ಹೇಗೆ ಹೆಚ್ಚಬೇಕು ಅಂತ ನನಗೇ ಪಾಠ ಹೇಳ್ತಾರೆ. ನನ್ನ ಮುಖ ನೋಡಿ ಕೈ ಎತ್ಬೇಡ ಕಣೋ. ಬೆಳಗ್ಗೆ ಮೈದಾನಕ್ಕೆ ಹೋಗಿ ಕಣ್ಣಾರೆ ನೋಡು."

ಮುರಿದ ಬೆಂಚು ರಿಪೇರಿಯ ನೆಪ ಮಾಡಿಕೊಂಡು ಬಡಗಿ ಬೆಳಗ್ಗೆ ಆರಕ್ಕೇ ಹೋದ. ಎಂಟು ಸಲ ಸೋತ ತಂಡ, ನಾಲ್ಕೈದು ಜನ ಬಂದರೆ ಹೆಚ್ಚು ಅಂದುಕೊಂಡಿದ್ದ. ಹದಿನಾಲ್ಕೂ ಜನ ಬಂದಿದ್ದರು. ಗೋಲ್‌ಕೀಪರ್ ಬಸ್ ಡ್ರೈವರ್. ಹೋದ ಭಾನುವಾರ ಕೈಗೆ ಬಂದ ಚೆಂಡನ್ನು ಕಾಲ ಸಂದಿಯಲ್ಲಿ ಬಿಟ್ಟುಕೊಟ್ಟು, ಅವತ್ತಿನಿಂದ ಯಾರ ಜೊತೆಯೂ ಮಾತಾಡಿರಲಿಲ್ಲ. ಭಾವ ಅವನಿಗೆ ಬೈಯಲಿಲ್ಲ. ಹಿಡಿಯೋಕೆ ಸುಲಭವಾದ ಚೆಂಡುಗಳನ್ನೇ ಇಪ್ಪತ್ತು ಸಲ ಎಸೆದರು. ಇಪ್ಪತ್ತನ್ನೂ ಅವನು ಹಿಡಿದ. "ಇವತ್ತಿಗೆ ಸಾಕು," ಅಂದರು ಭಾವ. ಡ್ರೈವರ್ ವಾರದಲ್ಲಿ ಮೊದಲ ಸಲ ನಕ್ಕ.

ಆಮೇಲೆ ಭಾವ ಕೋಲು ಹಿಡಿದು ಮಣ್ಣಿನಲ್ಲಿ ಗೆರೆ ಎಳೆದು ಆಟದ ಯೋಜನೆ ವಿವರಿಸಿದರು. ಅದೇ ಹಳೇ ಗೆರೆ, ಅದೇ ಹಳೇ ಬಾಣ. ಆಟಗಾರರು ಮರ್ಯಾದೆಗೆ ತಲೆಯಾಡಿಸಿದರು. ಭಾವ ಆ ಕಡೆ ತಿರುಗಿದ ಕೂಡಲೇ ಪಕ್ಕದ ಶಾಲೆಯ ಡ್ರಿಲ್ ಟೀಚರಮ್ಮ, ಹಿಂದೆ ಭಾವನ ಕೈಯಲ್ಲೇ ಆಟ ಕಲಿತವಳು, ಮೆಲ್ಲಗೆ ಬಂದು ಇಬ್ಬರನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಿ ಹೋದಳು. ಆಟ ತಟ್ಟನೆ ಕೂಡಿಕೊಂಡಿತು.

ಬೆಂಚಿಗೆ ಮೊಳೆ ಹೊಡೆಯುತ್ತಾ ಬಡಗಿ ಕೇಳೇಬಿಟ್ಟ. "ಭಾವ, ಸಂಜೆ ನಾನು ಏನು ಮಾಡ್ಲಿ?"

"ಕೈ ನಿಂದು, ನೀನೇ ಎತ್ತು." ಇನ್ನೊಂದು ಮೊಳೆ ಎತ್ತಿಕೊಟ್ಟು ಅವರೇ ಮುಂದುವರಿಸಿದರು. "ಅವಳು ಬಂದು ಸರಿ ಮಾಡೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಗೊತ್ತು. ಒಪ್ಪಿಕೊಳ್ಳೋಕೆ ನಾಚಿಕೆ, ಅಷ್ಟೇ."

ಸಂಜೆ ಕ್ಲಬ್ಬಿನ ತಗಡಿನ ಕೋಣೆಯಲ್ಲಿ ಅಧ್ಯಕ್ಷರು ಮೊದಲೇ ಚುಚ್ಚಿದರು. ಅವರದು ಹಾರ್ಡ್‌ವೇರ್ ಅಂಗಡಿ, ಮಾತೂ ಹಾಗೇ ಗಟ್ಟಿ. "ನೀನು ಬಿಡಪ್ಪ, ಭಾವನ ಪರವೇ ತಾನೇ?"

"ಹೌದು, ಪರವೇ. ಅದಕ್ಕೇ ತಪ್ಪನ್ನೂ ನಾನೇ ಹೇಳ್ತೀನಿ," ಅಂದ ಬಡಗಿ. ನೋಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. "ಹುಡುಗರನ್ನ ಕಟ್ಟಿ ಹಿಡಿಯೋದು ಭಾವನಿಗೆ ಬಿಟ್ಟು ಇನ್ನೊಬ್ಬರಿಗೆ ಆಗಲ್ಲ. ಆದ್ರೆ ಆಟ ಅವರಿಗಿಂತ ಮುಂದೆ ಓಡಿಬಿಟ್ಟಿದೆ. ಅವರು ಇರ್ಲಿ, ಆಟದ ಯೋಜನೆ ಟೀಚರಮ್ಮ ಮಾಡ್ಲಿ. ಹಿತ್ತಲ ಗಿಡ ಮದ್ದಲ್ಲ ಅಂತ ಅವಳನ್ನ ನಾವ್ಯಾರೂ ನೋಡ್ಲೇ ಇಲ್ಲ."

"ಒಂದೇ ತಂಡಕ್ಕೆ ಇಬ್ಬರು ಯಜಮಾನರಾ?" ಅಂದರು ಅಧ್ಯಕ್ಷರು.

ಭಾವನನ್ನು ಒಳಗೆ ಕರೆದು ಕೇಳಿದರು. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಆಟದ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆ. ನಾನು ಅಡ್ಡಬಾಯಿ ಹಾಕಲ್ಲ. ಬೆಳಗ್ಗೆ ಹುಡುಗರ ಜೊತೆ ಇರೋ ಕೆಲಸ ಒಂದು ನನಗೆ ಬಿಡಿ."

ನಾಲ್ಕು ಕೈ ಮೇಲೆದ್ದವು. ಅಧ್ಯಕ್ಷರದು ಮಾತ್ರ ಮೇಜಿನ ಮೇಲೇ ಉಳಿಯಿತು.

ಮುಂದಿನ ಪಂದ್ಯ ಸೋತರು. ಅದರ ನಂತರದ್ದು ಸಮ. ಮೂರನೆಯದು ಗೆದ್ದಾಗ ಜನ ಅದೃಷ್ಟ ಅಂದರು. ಇನ್ನೂ ನಾಲ್ಕು ಗೆದ್ದ ಮೇಲೆ ಸುಮ್ಮನಾದರು. ಕೊಟ್ಟ ಮಾತಿನಂತೆ ಭಾವ ಬಾಯಿ ಬಿಗಿಹಿಡಿದು ಕೂತಿರುತ್ತಿದ್ದರು. ತಡೆಯಲಾಗದೆ ಹೋದಾಗ ಎದ್ದು ಮೈದಾನಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದರು. ತಂಡ ಕೆಳಗಿನಿಂದ ನಾಲ್ಕನೆಯದಾಗಿ ಡಿವಿಷನ್ ಉಳಿಸಿಕೊಂಡಿತು.

ಕೊನೆಯ ಪಂದ್ಯ ಮುಗಿದಾಗ ಅಧ್ಯಕ್ಷರು ಬಂದು ಭಾವನ ಕೈ ಕುಲುಕಿದರು. "ಮುಂದಿನ ವರ್ಷ ನೋಡೋಣ," ಅಂದರು.

"ನೋಡೋಣ," ಅಂದರು ಭಾವ. ಆಗಲೇ ಅವರಿಗೂ ಟೀಚರಮ್ಮನಿಗೂ ಮುಂದಿನ ವರ್ಷ ಎಡಗಡೆ ಯಾರನ್ನು ಆಡಿಸಬೇಕು ಅಂತ ಜಗಳ ಹತ್ತಿತ್ತು. ಸೋಲುತ್ತಿದ್ದವರು ಭಾವ, ನಗುತ್ತಿದ್ದವರೂ ಅವರೇ. ಬಡಗಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಇಬ್ಬರನ್ನೂ ಎಬ್ಬಿಸಿಕೊಂಡು ಅಕ್ಕನ ಮನೆಗೆ ಊಟಕ್ಕೆ ಹೊರಟ.